ಫ್ರಾನ್ಸಿನ ಹುಲ್ಲುಗಾವಲಿನಲ್ಲಿ ಅವ್ವನ ಬಕೆಟ್ಟು

ಬೊರಿವಲಿಯ ಟೆರೇಸು

ಡೇರೆ ಹೊಡೆಯುವುದನ್ನು ನಾವು ಕಲಿತದ್ದು ನಮ್ಮ ಬಿಲ್ಡಿಂಗಿನ ಟೆರೇಸಿನ ಮೇಲೆ, ನೀರಿನ ಟ್ಯಾಂಕಿಗೂ ಯಾರೋ ಒಣಹಾಕಿದ್ದ ಸಂಡಿಗೆಗೂ ನಡುವೆ. ಕಾಂಕ್ರೀಟಿನಲ್ಲಿ ಗೂಟ ಇಳಿಯುವುದಿಲ್ಲ. ಮೂಲೆಗೊಂದು ಹೂಕುಂಡ ಇಟ್ಟು ಅದಕ್ಕೇ ಹಗ್ಗ ಬಿಗಿದೆವು. ಡೇರೆ ಎದ್ದು ನಿಂತಿತು. ಗಾಳಿ ಬಂದದ್ದೇ ತಡ, ಗುಲಾಬಿ ಕುಂಡವನ್ನು ಎಳೆದುಕೊಂಡು ಸಂಡಿಗೆಯ ಕಡೆ ಹೊರಟಿತು. ಅದೇ ಹೊತ್ತಿಗೆ ಸೊಸೈಟಿಯ ಸೆಕ್ರೆಟರಿ ಶೆಟ್ಟರು ಮೇಲೆ ಬಂದರು.

“ಎಂತ ಮಾರಾಯ್ರೆ ಇದು? ಟೆರೇಸಲ್ಲಿ ಎಕ್ಸ್‌ಟ್ರಾ ರೂಮಾ?”

“ಅಲ್ರೀ ಶೆಟ್ರ, ಪ್ರ್ಯಾಕ್ಟೀಸ್ ಮಾಡಾಕತ್ತೀವಿ. ಫ್ರಾನ್ಸಿಗೆ ಹೊಂಟೀವಿ, ಅಲ್ಲಿ ಇದರಾಗ ಇರೂದು.”

“ಫ್ರಾನ್ಸಲ್ಲಿ ಹೋಟೆಲ್ ಇಲ್ವಾ?”

ಆಯುಷ್ಯವೆಲ್ಲ ಹೋಟೆಲ್ ನಡೆಸಿದವರು ಅವರು. ನಿಜವಾಗಿಯೂ ನೊಂದುಕೊಂಡೇ ಕೇಳಿದರು.

ಹೋಟೆಲ್ ಬೇಡ ಎಂದವಳು ನನ್ನ ಮಗಳು ಅದಿತಿ. ಮುಂಬೈಯ ಬಹಳಷ್ಟು ಮಕ್ಕಳಂತೆ ಅವಳೂ ಕಾಲೇಜಿನಲ್ಲಿ ಮಾರ್ಕು ಜಾಸ್ತಿ ಬೀಳುತ್ತದೆಂದು ಫ್ರೆಂಚ್ ತೆಗೆದುಕೊಂಡಿದ್ದಳು. ಡಿಗ್ರಿ ಮುಗಿದ ಮೇಲೆ ನೀನು ಹೇಳಿದ ಊರಿಗೆ ಕರೆದೊಯ್ಯುತ್ತೇನೆ ಎಂದು ನಾನು ಮಾತು ಕೊಟ್ಟಿದ್ದೆ. ಅವಳು ಪ್ಯಾರಿಸ್ ಬಿಟ್ಟು ಫ್ರಾನ್ಸಿನ ನಟ್ಟನಡುವೆ ದನ, ಚೀಸು, ಹುಲ್ಲು ಬಿಟ್ಟರೆ ಬೇರೇನೂ ಇಲ್ಲದ ಓವೆರ್ನ್ ಎಂಬ ಸೀಮೆಯ ಮೇಲೆ ಬೆರಳಿಟ್ಟಳು. “ಮಮ್ಮಿ, ಅಲ್ಲಿ ಕ್ಯಾಂಪಿಂಗ್ ಮಸ್ತ್ ಇರ್ತದ,” ಎಂದಳು. ಗಂಡನಿಗೆ ರಜೆ ಸಿಗಲಿಲ್ಲ. ಅವ್ವನನ್ನು ಒಬ್ಬಳೇ ಬಿಟ್ಟು ಹೋಗಲು ನನಗೆ ಮನಸ್ಸಿರಲಿಲ್ಲ. ಮೂವರು ಹೆಂಗಸರು ಹೊರಟೆವು.

ನಾನು ಸುಮ್ಮನೆ ಒಪ್ಪಿಕೊಂಡದ್ದಕ್ಕೆ ಕಾರಣವಿದೆ. ಹಿಂದೊಮ್ಮೆ ಆಫೀಸಿನವರೊಂದಿಗೆ ಲೋನಾವಳಾ ಕಡೆ ಡೇರೆಯಲ್ಲಿ ಉಳಿದಿದ್ದೆ. ಅಲ್ಲಿ ಡೇರೆಯೊಳಗೆ ಕಾರ್ಪೆಟ್ಟಿತ್ತು, ಹಿಂಬದಿಗೆ ಬಾತ್‌ರೂಮಿತ್ತು. ಡೇರೆ ಎಂದರೆ ಎಲ್ಲ ಕಡೆಯೂ ಹಾಗೇ ಎಂದು ನಂಬಿಕೊಂಡಿದ್ದೆ.

ಬಾತ್‌ರೂಮಿನ ವಿಷಯ ನನಗೆ ಯಾಕಿಷ್ಟು ದೊಡ್ಡದು ಎಂದು ಇಲ್ಲೇ ಹೇಳಿಬಿಡುತ್ತೇನೆ. ನಾನು ಬೆಳೆದದ್ದು ಘಾಟ್ಕೋಪರಿನಲ್ಲಿ, ಮನೆಗೊಂದೇ ಖೋಲಿಯ ಚಾಳಿನಲ್ಲಿ. ಅಪ್ಪ ಇಂಡಿ ಕಡೆಯಿಂದ ಬಂದು ಗೋದಾಮಿನಲ್ಲಿ ಚೀಲ ಹೊತ್ತವರು. ಇಡೀ ಮಾಳಿಗೆಗೆ ಒಂದು ನಲ್ಲಿ, ತುದಿಯಲ್ಲಿ ಸಂಡಾಸು. ನಸುಕಿನಲ್ಲಿ ಅವ್ವ ಬಕೆಟ್ಟು ಇಟ್ಟು ಪಾಳಿ ಹಚ್ಚುತ್ತಿದ್ದಳು. ಅಲ್ಲಿ ಬಕೆಟ್ಟು ಇದ್ದರೆ ಮನುಷ್ಯರೇ ನಿಂತಂತೆ. ಅದನ್ನು ಸರಿಸುವ ಧೈರ್ಯ ಯಾರಿಗೂ ಇರಲಿಲ್ಲ. ನೀರು ಬರುವ ಹೊತ್ತಿಗೆ ಎಷ್ಟೋ ಸಲ ಅವ್ವನ ಬದಲು ನಾನೇ ಹೋಗಿ ನಿಂತು, ಪ್ಯಾಸೇಜಿನ ಬಲ್ಬಿನ ಕೆಳಗೆ ಅಕೌಂಟೆನ್ಸಿ ಓದಿ ಬಿ.ಕಾಂ. ಪಾಸಾದೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಟ್ಟಿದವಳು ನಾನೇ ಮೊದಲು; ಹೇಳಿಕೊಳ್ಳಲು ನಾಚಿಕೆಯಿಲ್ಲ. ರಿಸಲ್ಟ್ ಬಂದ ದಿನ ಅವ್ವನಿಗೆ ಹೇಳಿದೆ: “ಅವ್ವಾ, ಇನ್ನ ನೀ ನೀರಿಗೆ ಪಾಳಿ ಹಚ್ಚೂದು ಬಂದ್.” ಇನ್ಶೂರೆನ್ಸ್ ಕಚೇರಿಯಲ್ಲಿ ಗುಮಾಸ್ತೆಯಾಗಿ ಸೇರಿ, ಲೋಕಲ್ ರೈಲಿನಲ್ಲಿ ನಿಂತು ನಿಂತೇ ಆಫೀಸರಾದೆ. ಬೊರಿವಲಿಯಲ್ಲಿ ಎರಡು ಬಾತ್‌ರೂಮಿನ ಮನೆ ಮಾಡಿದೆವು. ಒಂದು ಅವ್ವನಿಗೇ. ಯಾರಾದರೂ ನಿಮ್ಮೂರು ಯಾವುದು ಎಂದರೆ ಬೊರಿವಲಿ ಎನ್ನುವುದು ಅಂದಿನಿಂದ ನನ್ನ ರೂಢಿ. ದುಡಿದು ಗಳಿಸಿದ ಊರು ಅದು.

ಕೆರೆ ದಂಡೆಯ ಕ್ಯಾಂಪು

ಓವೆರ್ನ್ ಸೀಮೆ ಎಂದರೆ ಆರಿಹೋದ ಜ್ವಾಲಾಮುಖಿಗಳ ನಾಡು. ಬೋಗುಣಿ ಬೋರಲು ಹಾಕಿದಂಥ ಗುಡ್ಡಗಳು, ಅದರ ಮೇಲೆಲ್ಲ ಹುಲ್ಲು, ಹುಲ್ಲಿನ ಮೇಲೆ ಇಟ್ಟಿಗೆಯ ಬಣ್ಣದ ದನ. ಅವುಗಳ ಕೋಡು ಎತ್ತರಕ್ಕೆ ಹೋಗಿ ಬಾಗಿ ನಿಂತಿರುತ್ತವೆ. ಅವ್ವ ಕಾರಿನ ಕಿಟಕಿಯಿಂದ ಬಹಳ ಹೊತ್ತು ನೋಡಿ, “ಕೋಡ ನಮ್ಮ ಖಿಲಾರಿದು, ಮೈ ಎಮ್ಮಿದು,” ಎಂದು ತೀರ್ಪು ಕೊಟ್ಟಳು. ಕಾರು ಓಡಿಸುತ್ತಿದ್ದವಳು ಅದಿತಿ. ಅಲ್ಲಿ ರಸ್ತೆಯ ಬಲಕ್ಕೆ ಓಡಿಸಬೇಕು. ಪ್ರತಿ ತಿರುವಿನಲ್ಲೂ “ಬಲಕ್ಕ, ಬಲಕ್ಕ” ಎಂದು ಜಪಿಸುವುದು ನನ್ನ ಕೆಲಸ.

ಮೊದಲ ಕ್ಯಾಂಪನ್ನು ಅದಿತಿ ಫೋಟೋ ನೋಡಿ ಆರಿಸಿದ್ದಳು. ಕೆರೆ, ಈಜುಕೊಳ, ಮಕ್ಕಳಿಗೆ ಜಾರುಬಂಡಿ. ಗೇಟಿನಲ್ಲಿದ್ದ ಹುಡುಗಿ ನಕ್ಷೆ ಕೊಟ್ಟು, ಖಾಲಿಯಿರುವ ಯಾವ ಜಾಗವಾದರೂ ಆರಿಸಿಕೊಳ್ಳಿ ಎಂದಳು. ಬೇಲಿಬೇಲಿಯ ನಡುವೆ ಒಂದೊಂದು ಹುಲ್ಲಿನ ಚೌಕ. ಅದಿತಿ ನೀರಿನ ಹತ್ತಿರದ್ದನ್ನು ನೋಡುತ್ತಿದ್ದಳು, ನಾನು ನೆರಳಿನದನ್ನು. ಅವ್ವ ಕೈಚೀಲ ಹಿಡಿದು ಸೀದಾ ನಡೆದು ಒಂದು ಉದ್ದನೆಯ ಕಟ್ಟಡದ ಗೋಡೆಗೆ ಅಂಟಿಕೊಂಡಿದ್ದ ಚೌಕದಲ್ಲಿ ಕುಳಿತುಬಿಟ್ಟಳು.

“ಇಲ್ಲೇ. ನಲ್ಲಿ ಮಗ್ಗಲದಾಗ ಐತಿ. ಇಂಥಾ ಜಾಗಾ ಖಾಲಿ ಬಿಟ್ಟಾರಂದ್ರ ಈ ಮಂದಿ ದಡ್ಡರು.”

ಚಾಳಿನಲ್ಲಿ ನಲ್ಲಿಯ ಪಕ್ಕದ ಖೋಲಿಗೆ ಎಷ್ಟು ಬೇಡಿಕೆಯೆಂದು ನನಗೂ ಗೊತ್ತು. ಡೇರೆ ಅಲ್ಲೇ ಹೊಡೆದೆವು. ಆಮೇಲೆ ನಾನು ಅದಿತಿಯನ್ನು ಕೇಳಿದೆ, “ನಮ್ಮ ಬಾತ್‌ರೂಮ್ ಎಲ್ಲೈತಿ?”

ಅವಳು ಆ ಉದ್ದನೆಯ ಕಟ್ಟಡ ತೋರಿಸಿದಳು. “ಅದೇ. ಕಾಮನ್ ಇರ್ತದ ಮಮ್ಮಿ. ಕ್ಯಾಂಪಿಂಗ್ ಅಂದ್ರ ಹಂಗೇ ತೋ ಹೋತಾ ಹೈ.”

ಇಷ್ಟು ದೂರ ಹಾರಿ ಬಂದು ನಾನು ಅವ್ವನನ್ನು ಮತ್ತೆ ಚಾಳಿಗೇ ತಂದಿಳಿಸಿದ್ದೆ.

ಆ ಜಾಗ ಯಾಕೆ ಖಾಲಿಯಿತ್ತೆಂದು ಬೇಗನೇ ತಿಳಿಯಿತು. ಕಟ್ಟಡದ ದೀಪ ಆರುವುದೇ ಇಲ್ಲ, ಬಾಗಿಲುಗಳು ದಬದಬ ಬಡಿಯುತ್ತವೆ, ಹೋಗುವವರು ಬರುವವರು ಎಲ್ಲರೂ ಡೇರೆಯ ಹಗ್ಗ ಎಡವಿ ಕ್ಷಮೆ ಕೇಳುತ್ತಾರೆ. ಷವರೋ, ಗುಂಡಿ ಒತ್ತಿದರೆ ನಾಲ್ಕು ಚೆಂಬು ನೀರು ಬಿಟ್ಟು ನಿಂತುಬಿಡುತ್ತದೆ. ಅವ್ವ ಮುಖಕ್ಕೆ ಸಾಬೂನು ಹಚ್ಚಿಕೊಂಡು ಗೋಡೆ ತಡಕಾಡಿ ಹೊರಗೆ ಬಂದವಳೇ, “ಮುಂಬೈ ಮುನ್ಸಿಪಾಲ್ಟಿ ನೀರೂ ಇಷ್ಟ ಜುಗ್ಗ ಇರಲಿಲ್ಲ,” ಎಂದಳು. ಹತ್ತಿರದ ಅಂಗಡಿಗೆ ಹೋಗಿ ಒಂದು ಕೆಂಪು ಪ್ಲಾಸ್ಟಿಕ್ ಬಕೆಟ್ಟು ತಂದೆವು. ಗುಂಡಿ ಒತ್ತಿ ಒತ್ತಿ ಅದನ್ನು ತುಂಬಿಸಿಕೊಂಡು ತಂಬಿಗೆಯಿಂದ ಸುರಿದುಕೊಂಡರೆ ಸ್ನಾನ ಸ್ನಾನದಂತಾಗುತ್ತಿತ್ತು.

ಮರುದಿನ ಬೆಳಗು ಅವ್ವ ಎಲ್ಲರಿಗಿಂತ ಮೊದಲು ಎದ್ದು ಬಕೆಟ್ಟನ್ನು ಷವರಿನ ಬಾಗಿಲಲ್ಲಿಟ್ಟು ಬಂದು ನಿಶ್ಚಿಂತೆಯಿಂದ ಚಹಾಕ್ಕೆ ಕೂತಳು. ಚಹಾ ಮುಗಿಸಿ ಹೋದರೆ ಒಳಗೆ ಯಾರೋ ಹಾಡುತ್ತ ಸ್ನಾನ ಮಾಡುತ್ತಿದ್ದಾರೆ. ಬಕೆಟ್ಟು ಇಲ್ಲ.

“ಪಾಳಿ ಹಚ್ಚಿದ ಬಕೆಟ್ಟ ಕದ್ದಾರ,” ಎಂದಳು ಅವ್ವ. ಚಾಳಿನಲ್ಲಿ ಆ ಮಾತಿಗೆ ಇಡೀ ಮಾಳಿಗೆ ಕೂಡುತ್ತಿತ್ತು. ಇಲ್ಲಿ ಹಲ್ಲುಜ್ಜುತ್ತಿದ್ದ ಒಬ್ಬರು “ಬೊಂಜೂರ್” ಎಂದು ನಮಸ್ಕಾರ ಹೇಳಿ ಮತ್ತೆ ಕನ್ನಡಿಗೆ ತಿರುಗಿದರು.

ಬಕೆಟ್ಟು ಗೇಟಿನ ಆಫೀಸಿನಲ್ಲಿ ಸಿಕ್ಕಿತು. ಯಾರೋ ಕಳೆದುಕೊಂಡದ್ದೆಂದು ಮಗುವಿನ ಒಂದು ಚಪ್ಪಲಿ, ಒಂದು ಟೊಪ್ಪಿಗೆಯ ಪಕ್ಕ ಇಟ್ಟಿದ್ದರು. ಬಾಗಿಲ ಮುಂದೆ ಯಾಕೆ ಬಿಟ್ಟು ಹೋಗಿದ್ದಿರಿ ಎಂದು ಹುಡುಗಿ ಕೇಳಿದಳು. ಅದಿತಿ ತನ್ನ ಮಾರ್ಕಿನ ಫ್ರೆಂಚನ್ನೆಲ್ಲ ಒಟ್ಟುಗೂಡಿಸಿ ಬಿಡಿಸಿ ಹೇಳಲು ನೋಡಿದಳು. ಪಾಳಿ, ನಂಬರು, ಜಾಗ ಹಿಡಿಯುವುದು ಎಂಬ ಪಾಠಗಳು ಅವಳ ಪುಸ್ತಕದಲ್ಲಿ ಇರಲಿಲ್ಲ. ಕೊನೆಗೆ ಬಕೆಟ್ಟು ತೋರಿಸಿ, “ಇದು ನನ್ನ ಅಜ್ಜಿ,” ಎಂದಳು.

ಹುಡುಗಿ ಎರಡೂ ಕೈಯಿಂದ ಬಕೆಟ್ಟನ್ನು ಎತ್ತಿ, ಬಲು ಗೌರವದಿಂದ ಕೊಟ್ಟಳು.

ಅದಿತಿ ದಾರಿಯುದ್ದಕ್ಕೂ ನಕ್ಕಳು. ನನಗೆ ನಗು ಬರಲಿಲ್ಲ. “ನಾಳಿಂದ ಹೋಟೆಲ್ ನೋಡು. ಸ್ವಂತ ಬಾತ್‌ರೂಮ್ ಇರಬೇಕು,” ಎಂದೆ.

“ಮಮ್ಮಿ, ಅಜ್ಜಿ ತೋ ಕಂಪ್ಲೇಂಟ್ ಮಾಡ್ಲಿಲ್ಲಲಾ?”

“ಆಕಿ ಯಾವತ್ತ ಮಾಡ್ಯಾಳ?”

ಪಂಚಾಯಿತಿ ಹಿಂದಿನ ಕ್ಯಾಂಪು

ಮುಂದಿನ ಊರಿಗೆ ಒಂದೇ ಹೋಟೆಲ್ಲು, ಮತ್ತು ಅಂದು ಸೋಮವಾರ. ಫ್ರಾನ್ಸಿನ ಹಳ್ಳಿಗಳಲ್ಲಿ ಸೋಮವಾರ ಅಂಗಡಿ, ಬೇಕರಿ, ಹೋಟೆಲ್ಲಿನವರೆಲ್ಲ ಬಾಗಿಲು ಹಾಕಿಕೊಂಡು ಹೋಗಿಬಿಡುತ್ತಾರೆ. ಗಿರಾಕಿ ನಿಂತಿದ್ದರೂ ಅಂಗಡಿ ಮುಚ್ಚುವ ಈ ಧೈರ್ಯ ನಮ್ಮ ಶೆಟ್ಟರಿಗೆ ಕನಸಿನಲ್ಲೂ ಬರುವಂಥದ್ದಲ್ಲ. ಇನ್ನುಳಿದದ್ದು ಊರ ಪಂಚಾಯಿತಿಯ ಕ್ಯಾಂಪು. ಪಂಚಾಯಿತಿ ಕಚೇರಿಯ ಹಿಂದೆ, ಫುಟ್‌ಬಾಲ್ ಮೈದಾನದ ಪಕ್ಕದಲ್ಲಿ ಒಂದು ಹುಲ್ಲಿನ ಬಯಲು. ಇಲ್ಲಿ ಜಾಗ ಆರಿಸಿದವಳು ನಾನು. ಕಕ್ಕಸಿನಿಂದ ಎಷ್ಟು ದೂರ ಸಾಧ್ಯವೋ ಅಷ್ಟು ದೂರ ಹೋದೆ. ಹಾಗೆ ಹೋಗಿ ಇಗರ್ಜಿಯ ಗೋಡೆಯ ಬುಡದಲ್ಲೇ ಡೇರೆ ಹೊಡೆದದ್ದು ಗಂಟೆ ಬಾರಿಸಿದಾಗ ತಿಳಿಯಿತು. ಗೂಟಗಳು ನಡುಗಿದವು. ಅದು ತಾಸಿಗೊಮ್ಮೆ ಬಾರಿಸುತ್ತದೆ, ತಪ್ಪದೆ.

ಊಟ ಮುಗಿದ ಮೇಲೆ ಅಲ್ಲೊಂದು ಮೆರವಣಿಗೆ ಹೊರಡುತ್ತದೆ. ಡೇರೆ ಡೇರೆಯಿಂದ ಜನ ಪ್ಲಾಸ್ಟಿಕ್ ಬುಟ್ಟಿಗಳಲ್ಲಿ ಮುಸುರೆ ಪಾತ್ರೆ ಹೊತ್ತು, ಹೆಗಲ ಮೇಲೆ ಬಟ್ಟೆ ಹಾಕಿಕೊಂಡು, ತೊಳೆಯುವ ಕಟ್ಟೆಗೆ ನಡೆಯುತ್ತಾರೆ. ಹೆಚ್ಚಿನವರು ಗಂಡಸರು.

“ಏ ಸಾವಿ, ನೋಡ ಬಾ. ಗಂಡಸರು ಭಾಂಡೆ ತಿಕ್ಕಾಕ ಹೊಂಟಾರ, ಅದೂ ನಕ್ಕೋತ.” ಅವ್ವ ನನ್ನನ್ನು ಕರೆದು ತೋರಿಸಿ, ನಮ್ಮ ಮೂರು ತಟ್ಟೆ ಒಂದು ಪಾತೇಲಿ ಎತ್ತಿಕೊಂಡು ಹಿಂದೆಯೇ ಹೊರಟಳು. ನಾನು ತೊಳೆಯುತ್ತೇನೆ ಎಂದರೂ ಕೇಳಲಿಲ್ಲ.

ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ, ಅದೇ ತಟ್ಟೆಗಳನ್ನು ಮೂರನೆಯ ಸಲ ತೊಳೆಯುತ್ತ, ಪಕ್ಕದ ದಪ್ಪನೆಯ ಫ್ರೆಂಚ್ ಹೆಂಗಸಿನೊಂದಿಗೆ ಮಾತಿಗೆ ನಿಂತಿದ್ದಾಳೆ. ಅವಳದು ಫ್ರೆಂಚ್, ಇವಳದು ಕನ್ನಡ. ಇಬ್ಬರೂ ಒಬ್ಬರ ಮಾತು ಒಬ್ಬರು ಮುಗಿಯಗೊಡುತ್ತಿರಲಿಲ್ಲ.

“ಪಾಪ, ಈಕಿ ಮಗಳು ಲಗ್ನಾ ಒಲ್ಲೆ ಅಂತಾಳಂತ,” ಎಂದಳು ಅವ್ವ ನನಗೆ.

“ನಿನಗ ಹೆಂಗ ಗೊತ್ತಾತು?”

“ಫೋನಿನ್ಯಾಗ ಹುಡುಗಿ ಫೋಟೋ ತೋರ್ಸಿದ್ಲು. ಉಂಗರದ ಬೆಳ್ಳ ಹಿಡದ್ಲು, ಕೈ ಅಲ್ಲಾಡಿಸಿದ್ಲು, ಉಸರ ಬಿಟ್ಲು. ಇದಕ್ಕೇನ ಕಾಲೇಜ ಬೇಕೇನ?”

ನನ್ನ ಡಿಗ್ರಿಯ ಮೇಲೆ ಅವ್ವ ಆಗಾಗ ಹೀಗೆ ಚಿವುಟುವುದುಂಟು. ಡೇರೆಗೆ ಬರುವ ದಾರಿಯಲ್ಲಿ ಉಣ್ಣುತ್ತ ಕೂತವರೆಲ್ಲರಿಗೂ “ಬೊನ್ ಅಪೆತೀ” ಎಂದಳು. ಚೆನ್ನಾಗಿ ಊಟ ಮಾಡಿ ಎನ್ನುವ ಆ ಮಾತನ್ನು ಕಟ್ಟೆಯ ಮೇಲೇ ಕಲಿತು ಬಂದಿದ್ದಳು. ಬೊರಿವಲಿಯ ಮನೆಯಲ್ಲಿ ಅವ್ವನ ದನಿ ಇಷ್ಟು ಎತ್ತರಕ್ಕೆ ಹೋದದ್ದನ್ನು ನಾನು ಕೇಳಿರಲಿಲ್ಲ. ಆದರೆ ಆಗ ಅದು ಬರೀ ಪ್ರವಾಸದ ಹುರುಪು ಎಂದುಕೊಂಡೆ.

ಮೊನೀಕಳ ಹೊಲ

ಮೂರನೆಯ ಕ್ಯಾಂಪು ಒಬ್ಬ ರೈತ ಹೆಂಗಸಿನ ಹೊಲ. ಮೊನೀಕ್ ಎಂದು ಅವಳ ಹೆಸರು. ಮೊಣಕಾಲ ಮಟದ ರಬ್ಬರ್ ಬೂಟು, ಕೈಯಲ್ಲಿ ಹಾಲಿನ ಕ್ಯಾನು. ದನ ಮೇಯುವ ಕಾವಲಿನ ಒಂದು ಭಾಗಕ್ಕೆ ತಂತಿ ಎಳೆದು ಬೇಸಿಗೆಯಲ್ಲಿ ಡೇರೆಯವರಿಗೆ ಬಿಡುತ್ತಾಳೆ. ನಕ್ಷೆ, ನಂಬರು ಯಾವುದೂ ಇಲ್ಲ. ಎಲ್ಲಿ ಬೇಕಾದರೂ ಹೊಡೆಯಿರಿ, ಹೋರಿ ದಿಟ್ಟಿಸಿ ನೋಡುವ ಆ ಮೂಲೆ ಮಾತ್ರ ಬೇಡ ಎಂದಳು.

ಅಷ್ಟರಲ್ಲಿ ನಮಗೂ ಬುದ್ಧಿ ಬಂದಿತ್ತು. ಜಾಗ ಆರಿಸಬೇಕಾದರೆ ಫೋಟೋ ನೋಡಬಾರದು, ಕೂತು ನೋಡಬೇಕು. ಅವ್ವ ಮೂರು ಕಡೆ ಕೂತು ಎದ್ದಳು. ಒಂದರಲ್ಲಿ ಇರುವೆ, ಒಂದರಲ್ಲಿ ತಗ್ಗು, ಮಳೆ ಬಂದರೆ ನೀರು ನಿಲ್ಲುತ್ತದೆ. ಮೂರನೆಯದರಲ್ಲಿ ಕಾಲು ಚಾಚಿದಳು. ಒಂದು ಅಕ್ರೋಟ ಮರದ ಓರೆ ನೆರಳು, ಬೆಳಗಿನ ಬಿಸಿಲು ಬರುವ ದಿಕ್ಕು, ಕೆಳಗೆ ಹರಡಿದ ಕಣಿವೆ. ಸಂಜೆ ದನ ಮರಳುವಾಗ ಕೊರಳ ಗಂಟೆ ಗುಡ್ಡದುದ್ದಕ್ಕೂ ಇಳಿದು ಬರುತ್ತಿತ್ತು. ಮೊನೀಕ್ ಕೊಟ್ಟ ಹಸಿರು ಮಸೂರ ಕಾಳನ್ನು ಅವ್ವ ಗ್ಯಾಸ್ ಒಲೆಯ ಮೇಲೆ ಬೇಯಿಸಿ, ನಮ್ಮ ಮಸಾಲೆಖಾರ ಹಾಕಿದಳು. ಮುಂಬೈಯಿಂದ ತಂದಿದ್ದ ಖಡಕ್ ಜೋಳದ ರೊಟ್ಟಿ ಮುರಿಯುವ ಸದ್ದಿಗೆ ಪಕ್ಕದ ಡೇರೆಯ ಪೀತರ್ ಎದ್ದು ಬಂದರು. ಹಾಲೆಂಡಿನ ನಿವೃತ್ತ ಮಾಸ್ತರು. ಒಂದು ತುಂಡು ಬಾಯಿಗಿಟ್ಟು, ಇದು ಎಷ್ಟು ದಿನ ಇರುತ್ತದೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಅವ್ವನಿಗೆ ಹೇಳಿದೆ.

“ತಿಂದ ಮುಗಸೂತನಾ ಇರತೈತಿ ಅಂತ ಹೇಳು,” ಎಂದಳು ಅವ್ವ.

ಎಲ್ಲ ಚೆನ್ನಾಗಿತ್ತು, ಸ್ನಾನದ್ದೊಂದು ಬಿಟ್ಟು. ಹಿಂದೆ ಕರು ಕಟ್ಟುತ್ತಿದ್ದ ಕೋಣೆಯಲ್ಲಿ ಇಡೀ ಹೊಲಕ್ಕೆ ಒಂದೇ ಷವರು. ಬಿಸಿನೀರಿನ ಟ್ಯಾಂಕು ಚಿಕ್ಕದು, ತಡವಾಗಿ ಹೋದವರಿಗೆ ತಣ್ಣೀರೇ ಗತಿ. ಬೆಳಿಗ್ಗೆ ಜನ ಟವೆಲು ಹೊದ್ದು ಡೇರೆಯಿಂದ ಇಣುಕುವುದು, ಅರ್ಧ ದಾರಿ ಬರುವುದು, ಬಾಗಿಲು ಹಾಕಿದ್ದು ಕಂಡು ಮರಳುವುದು. ಇಬ್ಬರು ಒಟ್ಟಿಗೆ ಬಂದರೆ ನೀವು ಹೋಗಿ, ಇಲ್ಲ ನೀವು ಹೋಗಿ ಎಂಬ ಉಪಚಾರ, ಅಷ್ಟರಲ್ಲಿ ಮೂರನೆಯವರು ಒಳಗೆ. ಅವ್ವ ಒಂದು ಬೆಳಗು ಇದನ್ನೆಲ್ಲ ಕೂತು ನೋಡಿದಳು.

“ಇಷ್ಟ ಶಾಣ್ಯಾ ಮಂದಿ, ಪಾಳಿ ಹಚ್ಚಾಕ ಬರೂದಿಲ್ಲಲ್ಲ,” ಎಂದಳು.

ಮರುದಿನ ನಸುಕಿಗೆ ಕೆಂಪು ಬಕೆಟ್ಟು ಷವರಿನ ಬಾಗಿಲಲ್ಲಿತ್ತು. ಅದರ ಪಕ್ಕದಲ್ಲಿ, ಮಂಜು ಬಿದ್ದ ಹುಲ್ಲಿನಲ್ಲಿ, ಸೀರೆಯ ಮೇಲೆ ಸ್ವೆಟರ್ ಹಾಕಿದ ನನ್ನ ಅವ್ವ. ಈ ಸಲ ಯಾರೂ ಎತ್ತಿಕೊಂಡು ಹೋಗದಿರಲೆಂದು ಕಾವಲು ನಿಂತಿದ್ದಳು. ಡೇರೆಯ ಬಾಯಿಂದ ನೋಡಿದೆ. ಆ ನಿಲುವು ನನಗೆ ಗೊತ್ತು: ಒಂದು ಕಾಲಿನ ಮೇಲೆ ಭಾರ, ಸೆರಗಿನೊಳಗೆ ಕೈ. ಎಷ್ಟೋ ವರ್ಷ ನಾನು ಅದನ್ನೇ ನೋಡಿ ಬೆಳೆದಿದ್ದೆ.

ಫೋನ್ ತೆಗೆದು ಪೇಟೆಯ ಒಂದು ಹೋಟೆಲಿನಲ್ಲಿ ಕೋಣೆ ಹಿಡಿದೆ. ಬಾತ್‌ಟಬ್ ಕೂಡ ಇತ್ತು. ಹೋಗಿ ಹೇಳಿದೆ, “ಅವ್ವಾ, ಸಾಮಾನು ಕಟ್ಟು. ಹೋಟೆಲಿಗೆ ಹೋಗೂಣು. ನಿನ್ನ ಪಾಳಿ ನಿಲ್ಲಸ್ತೀನಿ ಅಂತ ಮಾತ ಕೊಟ್ಟೀನಿ ನಾ.”

“ನಾ ಕೇಳಿದ್ನೇನ?”

“ಏನ?”

“ಪಾಳಿ ನಿಲ್ಲಸು ಅಂತ. ನೀರ ಬೇಕ ಅಂತ ಅಂದಿದ್ದೆ. ಪಾಳಿ ಬ್ಯಾಡ ಅಂತ ಅಂದಿದ್ನೇನ?”

ಅವ್ವ ಬಕೆಟ್ಟಿನ ಹಿಡಿಕೆ ಸರಿಮಾಡಿದಳು.

“ಬೊರಿವಲ್ಯಾಗ ನಂದ ಅಂತ ಒಂದ ಬಾತ್‌ರೂಮ್ ಕೊಟ್ಟಿ. ಭಾಳ ಛಲೋ ಐತಿ, ಸುಳ್ಳ ಯಾಕ ಹೇಳಲಿ. ಆದ್ರ ಮುಂಜಾನೆ ನಲ್ಲಿ ತಿರವತೀನಿ, ನೀರ ಬರತೈತಿ, ಮುಗೀತು. ನೀವು ಮೂರೂ ಮಂದಿ ಲೋಕಲ್ ಹಿಡೀತೀರಿ. ಸಂಜೀತನಾ ನನ್ನ ಬಾಯಿ ಮುಚ್ಚೇ ಇರತೈತಿ. ಘಾಟ್ಕೋಪರ್‌ದಾಗ ಪಾಳಿಗೆ ಒಂದಿನ ಹೋಗಲಿಲ್ಲಂದ್ರ ನಾಕ ಮಂದಿ ಬಂದ ಕೇಳತಿದ್ರು, ಯಾಕ ಬಾಯೀ, ಜ್ವರಾ ಬಂದಾವೇನು ಅಂತ. ಮಗ್ಗಲ ಖೋಲಿ ಪಾರ್ವತಿ ಹಡದದ್ದ ಗೊತ್ತಾಗಿದ್ದ ಪಾಳ್ಯಾಗ. ನಿಮ್ಮಪ್ಪ ಹೋದಾಗ ಮಂದಿ ಕೂಡಿದ್ದ ಪಾಳ್ಯಾಗಿಂದ. ನೀ ಪಾಸಾದದ್ದ ನಾ ಮೊದ್ಲ ಹೇಳಿದ್ದೂ ಅಲ್ಲೇ.”

ಅವ್ವನ ದನಿಯಲ್ಲಿ ದೂರು ಇರಲಿಲ್ಲ. ಯಾವ ಮಸಾಲೆಗೆ ಏನು ಬೀಳುತ್ತದೆ ಎಂದು ಹೇಳುವ ದನಿ ಅದು. ನಾನು ಮಾತು ಕೊಟ್ಟೆ, ಮಾತು ಉಳಿಸಿಕೊಂಡೆ ಎಂದು ಇಷ್ಟು ದಿನ ಎದೆಯುಬ್ಬಿಸಿದ್ದೆ. ಆ ಮನೆಯ ಬಗ್ಗೆ ಈಗಲೂ ನನಗೆ ಹೆಮ್ಮೆಯೇ. ಆದರೆ ಅವ್ವನಿಗೆ ಸ್ವಂತ ಬಾತ್‌ರೂಮಿನ ಚಿಲಕ ಕೊಡುವಾಗ ಅದರ ಆಚೆ ಯಾರು ಉಳಿದರು ಎಂದು ನಾನು ತಿರುಗಿ ನೋಡಿರಲಿಲ್ಲ.

“ಹೋಟೆಲ್‌ಗೆ ಬ್ಯಾಡ ಅಂತ ಫೋನ್ ಮಾಡು,” ಎಂದು ಅದಿತಿಗೆ ಹೇಳಿದೆ. ಅವಳು ಮಾಡಿದಳು. ಆ ಫ್ರೆಂಚ್ ಮಾತ್ರ ಅವಳಿಗೆ ಸರಾಗವಾಗಿ ಬಂತು.

ಹೊರಡುವ ಬೆಳಗು

ಪೀತರ್ ಅವ್ವನ ಬಕೆಟ್ಟನ್ನು ದಿನವೂ ನೋಡುತ್ತಿದ್ದರು. ಅದಿತಿ ಅವರಿಗೆ ಸಂಗತಿಯನ್ನೆಲ್ಲ ಬಿಡಿಸಿ ಹೇಳಿದ್ದಳು: ಬಕೆಟ್ಟು ಇದ್ದರೆ ಮನುಷ್ಯರೇ ಇದ್ದಂತೆ, ಲೋಕಲ್ ಗಾಡಿಯಲ್ಲಿ ಸೀಟಿನ ಮೇಲೆ ಕರವಸ್ತ್ರ ಎಸೆದರೂ ಹಾಗೇ. ಮಾಸ್ತರು ತಲೆದೂಗಿದ್ದರು.

ನಾವು ಹೊರಡುವ ದಿನ ನಾನು ಎದ್ದಾಗ ಅವ್ವ ಅಕ್ರೋಟದ ಕೆಳಗೆ ಆರಾಮವಾಗಿ ಚಹಾ ಕುಡಿಯುತ್ತಿದ್ದಳು. ಷವರಿನ ಕಡೆ ಗದ್ದ ಎತ್ತಿ ತೋರಿಸಿದಳು. ಬಾಗಿಲಲ್ಲಿ ಕೆಂಪು ಬಕೆಟ್ಟು. ಅದರ ಹಿಂದೆ ಪೀತರರ ಚಹಾದ ಕಿಟಲಿ. ಅದರ ಹಿಂದೆ ಯಾರದೋ ಪಾತ್ರೆ ಬುಟ್ಟಿ, ಒಂದು ಮಗುವಿನ ಮರಳಾಟದ ಡಬ್ಬಿ, ಒಂದು ಹೆಲ್ಮೆಟ್ಟು. ಎಲ್ಲ ಸಾಲಾಗಿ ಮಂಜಿನಲ್ಲಿ ಕೂತಿದ್ದವು. ಆ ಬೆಳಗು ಯಾರೂ ಟವೆಲು ಹೊದ್ದು ಅರ್ಧ ದಾರಿಯಿಂದ ಮರಳಲಿಲ್ಲ.

ಹಾಲಿನ ಕ್ಯಾನು ಹಿಡಿದು ದಾಟುತ್ತಿದ್ದ ಮೊನೀಕ್ ಸಾಲಿನ ಮುಂದೆ ನಿಂತಳು. ಕೆಂಪು ಬಕೆಟ್ಟಿನ ಕಡೆ ಸ್ವಲ್ಪ ಬಾಗಿ, “ಬೊಂಜೂರ್ ಮದಾಂ,” ಎಂದು ಮುಂದೆ ನಡೆದಳು.

ಅವ್ವ ಚಹಾದ ಲೋಟ ಕೆಳಗಿಟ್ಟು ಹೋಗಿ, ಬಕೆಟ್ಟು ಎತ್ತಿಕೊಂಡು ಒಳಗೆ ಹೊಕ್ಕಳು. ನಾನು ನಮ್ಮ ತಂಬಿಗೆ ತಂದು ಹೆಲ್ಮೆಟ್ಟಿನ ಹಿಂದೆ ಇಟ್ಟೆ. ಇಟ್ಟು ಡೇರೆಗೆ ಮರಳಬಹುದಿತ್ತು. ಮರಳಲಿಲ್ಲ.

ಒಳಗಿನಿಂದ ಅವ್ವ ಕೂಗಿದಳು, “ಸಾವಿ, ಬಿಸಿನೀರ ಅದಾವ, ನೀನೂ ಲಗೂ ಬಾ.”

“ನನ್ನ ಪಾಳಿ ಹಿಂದ ಐತಿ ಅವ್ವಾ.”

“ಹಂಗಾದ್ರ ನಿಂದರು. ಪಾಳಿ ಅಂದ್ರ ಪಾಳಿ.”

ಪೀತರ್ ಕಿಟಲಿಯ ಪಕ್ಕ ಬಂದು ನಿಂತರು. ಇಷ್ಟು ದಿನ ರೊಟ್ಟಿಯ ಬಗ್ಗೆ, ದನದ ಬಗ್ಗೆ ಮಾತಾಡಿದ್ದೆವೇ ಹೊರತು ಒಬ್ಬರ ಊರು ಇನ್ನೊಬ್ಬರಿಗೆ ಸರಿಯಾಗಿ ಗೊತ್ತಿರಲಿಲ್ಲ. ಮುಂಬೈ ಅಂದರೆ ದೊಡ್ಡದಲ್ಲವೇ, ಅದರಲ್ಲಿ ನಿಮ್ಮದು ಯಾವ ಕಡೆ ಎಂದು ಕೇಳಿದರು.

“ಘಾಟ್ಕೋಪರ್,” ಎಂದೆ. ಅಲ್ಲಿಂದಲೇ ಶುರು ಮಾಡಿದೆ. ಆ ನಲ್ಲಿ, ಆ ಬಲ್ಬು, ಪಾರ್ವತಿ ಬಾಯಿ. ಪೀತರ್ ತಮ್ಮ ಸ್ನಾನ ಮುಗಿಸಿ ಬಂದೂ ಕೇಳುತ್ತ ನಿಂತರು. ನನ್ನ ಪಾಳಿ ಬರುವ ಹೊತ್ತಿಗೆ ನೀರು ತಣ್ಣಗಾಗಿತ್ತು, ಕತೆ ಇನ್ನೂ ಬೊರಿವಲಿ ಮುಟ್ಟಿರಲಿಲ್ಲ.